ಮೇಲಿನ ಖರ್ಚು

ದುಬಾರಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಪ್ರೀತಿಯಿಂದ ಇಟ್ಟದ್ದಂತೂ ಖಂಡಿತ ಅಲ್ಲ. ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಐವತ್ತಾರು ವಯಸ್ಸು, ಪೊದೆ ಮೀಸೆ, ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗದ ಬಿಳಿ ಬಣ್ಣ. ಗೋಡೆಗೆ ಯಾರು ಬೇಕಾದರೂ ಹೊಡೆದಾರು, ಇವನ ಕೈ ಪಳಗಿದ್ದು ಮನೆಯ ಹೊರಗೆ, ಎತ್ತರದಲ್ಲಿರುವ ಮರಗೆಲಸಕ್ಕೆ. ಮಾಡಿನ ಅಂಚಿನುದ್ದಕ್ಕೂ ಹೊಡೆದಿರುವ ಸೂರುಹಲಗೆಗಳು, ಮೇಲಂತಸ್ತಿನ ಕಿಟಕಿಯ ಚೌಕಟ್ಟುಗಳು, ಇಂಥವು. ಕೆಳಗೆ ನಿಂತು ನೋಡುವವರಿಗೆ ಸೂರುಹಲಗೆ ಅಂಗೈ ಅಗಲದ ಪಟ್ಟಿಯ ಹಾಗೆ ಕಾಣುತ್ತದೆ. ಹತ್ತಿ ಹೋದವನಿಗೆ ಗೊತ್ತು, ಅದು ಮೊಳದಗಲ ಇರುತ್ತದೆ, ಅದರ ಮೇಲೆ ಬಿಸಿಲು ಬಿದ್ದಿರುತ್ತದೆ, ಕಣಜ ಗೂಡು ಕಟ್ಟಿರುತ್ತದೆ, ಕಾಲ ಕೆಳಗೆ ಏನೂ ಇರುವುದಿಲ್ಲ.

ಕೆಲಸಕ್ಕೆ ಕರೆದವರಿಗೆ ಅವನು ಒಂದು ಹಾಳೆಯಲ್ಲಿ ಎಸ್ಟಿಮೇಟು ಬರೆದುಕೊಡುತ್ತಿದ್ದ. ಅದರ ಮೊದಲ ಸಾಲು ಯಾವಾಗಲೂ ಒಂದೇ: ‘ಮೇಲಿನ ಖರ್ಚು.’ ಅಂದರೆ ಮೇಲೆ ಹೋಗಿ ನಿಲ್ಲುವುದಕ್ಕೆ ಆಗುವ ಖರ್ಚು. ಕಬ್ಬಿಣದ ಕೊಳವೆಗಳ ಸಾರುವೆಯನ್ನು ಬಾಡಿಗೆಗೆ ತರಬೇಕು, ಗೋಡೆಯುದ್ದಕ್ಕೂ ಅದನ್ನು ಕಟ್ಟಲು ಒಂದು ದಿನ ಬೇಕು, ಬಿಚ್ಚಲು ಅರ್ಧ ದಿನ, ಮೇಲೆ ನಿಲ್ಲಲು ಹಾಸುಹಲಗೆ, ಸೊಂಟಕ್ಕೆ ಬೆಲ್ಟು. ಅದರ ಕೆಳಗೆ ಉಳಿದದ್ದು: ಉಜ್ಜುವುದು, ತೂತು ಬಿರುಕುಗಳಿಗೆ ಪುಟ್ಟಿ ತುಂಬುವುದು, ಪ್ರೈಮರ್, ಎರಡು ಕೋಟು ಬಣ್ಣ. ಮೊದಲ ಸಾಲಿನ ಮೊತ್ತ ಕೆಳಗಿನ ಎಲ್ಲ ಸಾಲುಗಳನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗಿರುತ್ತಿತ್ತು. ಓದುವವರ ಕಣ್ಣು ಅಲ್ಲೇ ಕೆಂಪಗಾಗುತ್ತಿತ್ತು.

ಜನ ಅದನ್ನು ‘ಮೇಲ್ಖರ್ಚು’ ಎಂದೇ ಓದುತ್ತಿದ್ದರು. ಮೇಲ್ಖರ್ಚು ಅಂದರೆ ಗೊತ್ತಲ್ಲ, ಟೀ, ಬಸ್ಸಿನ ಚಾರ್ಜು, ಅದು ಇದು ಅಂತ ಬಾಯಿಗೆ ಬಂದಷ್ಟು ಸೇರಿಸುವ ಚಿಲ್ಲರೆ ಬಾಬತ್ತು. “ಎಲ್ಲಾ ಸರಿ ಇದೆ ಕಣಯ್ಯ, ಈ ಮೇಲ್ಖರ್ಚು ಒಂದನ್ನ ಹೊಡೆದುಹಾಕು” ಎನ್ನುತ್ತಿದ್ದರು, ದೊಡ್ಡ ಉಪಕಾರ ಮಾಡುವವರ ಹಾಗೆ. ಅವನು ಬಿಡಿಸಿ ಹೇಳಿದರೆ, “ಅಷ್ಟು ದುಬಾರಿಯಾದ್ರೆ ಬೇಡ ಬಿಡು” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಸರು ಹುಟ್ಟಿದ್ದು ಹೀಗೆ. ಇದೇ ಜನ ಟೀವಿ ಕೊಂಡಾಗ, ಅದನ್ನು ಗೋಡೆಗೆ ತೂಗುಹಾಕಲು ಬಂದು ನಾಲ್ಕು ಮೊಳೆ ಹೊಡೆದವನಿಗೆ ತುಟಿಪಿಟಕ್ಕೆನ್ನದೆ ದುಡ್ಡು ಎಣಿಸುತ್ತಾರೆ. ಟೀವಿ ಬಿದ್ದರೆ ಒಡೆಯುತ್ತದಲ್ಲ! ಮನುಷ್ಯ ತೂಗಾಡುವಾಗ ಮಾತ್ರ ಚೌಕಾಸಿ.

ಲೆಕ್ಕದ ಮೇಷ್ಟ್ರು ಅವನನ್ನು ಕರೆಸಿದಾಗ ನಡೆದದ್ದೂ ಅದೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು ಅವರು. ಎರಡು ಅಂತಸ್ತಿನ ಮನೆ, ಅದರ ಮೇಲೆ ಕಡಿದಾದ ಹೆಂಚಿನ ಮಾಡು, ಎದುರಿಗೆ ಎತ್ತರದ ತ್ರಿಕೋನ ಗೋಡೆ. ಗೋಡೆಯ ಎರಡು ಇಳಿಜಾರು ಅಂಚುಗಳಿಗೂ ಸೂರುಹಲಗೆ. ಹನ್ನೊಂದು ವರ್ಷದಿಂದ ಅವುಗಳಿಗೆ ಕುಂಚ ಮುಟ್ಟಿರಲಿಲ್ಲ. ಎಡಗಡೆಯ ಹಲಗೆಯಲ್ಲಿ ಬಣ್ಣ ಒಣಗಿದ ಸಿಪ್ಪೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು.

ಮೇಷ್ಟ್ರು ವರಾಂಡದ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಎಸ್ಟಿಮೇಟನ್ನು ಉತ್ತರಪತ್ರಿಕೆಯ ಹಾಗೆ ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು.

“ಹಲಗೆಯ ಉದ್ದ ಎರಡೂ ಕಡೆ ಸೇರಿ ನಲವತ್ತೆಂಟು ಅಡಿ. ಅಗಲ ಒಂದೂವರೆ. ಒಟ್ಟು ಎಪ್ಪತ್ತೆರಡು ಚದರ ಅಡಿ. ಎಪ್ಪತ್ತೆರಡು ಚದರ ಅಡಿಗೆ ಇಷ್ಟಾ? ಇಷ್ಟು ದುಡ್ಡಲ್ಲಿ ಒಳಗಿನ ಅಷ್ಟೂ ಕೋಣೆಗೆ ಬಣ್ಣ ಹೊಡೆಸಬಹುದು!”

“ಒಳಗಿನ ಕೋಣೆಗೆ ನೆಲ ಇರುತ್ತೆ ಮೇಷ್ಟ್ರೆ.”

“ಏನು?”

“ಕಾಲಿಡೋಕೆ ನೆಲ ಇರುತ್ತೆ ಅಂದೆ. ಇಲ್ಲಿ ನೆಲ ನಾನು ತರಬೇಕು. ಆ ಖರ್ಚೇ ಇದು.”

ಮೇಷ್ಟ್ರು ನಕ್ಕರು. “ಮೇಲಿನದನ್ನೆಲ್ಲ ಮೇಲಿನವನು ನೋಡ್ಕೋತಾನೆ ಕಣಯ್ಯ. ಒಂದು ಏಣಿ ಇಟ್ಕೊಂಡು ಎರಡು ದಿನದಲ್ಲಿ ಮುಗಿಸೋ ಕೆಲಸ. ಈ ಸಾಲು ಬಿಟ್ಟರೆ ನಾಳೆಯೇ ಶುರುಮಾಡು.”

ದುಬಾರಿಗೆ ಪಿತ್ತ ನೆತ್ತಿಗೇರಿತು. ಬೇರೆ ಮನೆಯಾಗಿದ್ದರೆ ಹಾಳೆ ಮಡಚಿಕೊಂಡು ಬಂದುಬಿಡುತ್ತಿದ್ದ. ಇಲ್ಲಿ ಮಾತ್ರ ನಿಂತ, ಗೋಗರೆದ. ತನ್ನ ಕೂಲಿಯಲ್ಲಿ ಕಾಲುಭಾಗ ಬಿಡುತ್ತೇನೆಂದ, ಬಲಗಡೆ ಒಂದು ಹಲಗೆಯನ್ನು ತನ್ನ ಕೈಯಿಂದ ಹೊಸದಾಗಿ ಹಾಕಿಕೊಡುತ್ತೇನೆಂದ. “ಬಲಗಡೆ ಹಲಗೆ ಚೆನ್ನಾಗೇ ಇದೆಯಲ್ಲ! ಇಲ್ಲದ ಕೆಲಸ ಹುಟ್ಟಿಸ್ತೀಯಾ?” ಎಂದು ಮೇಷ್ಟ್ರು ಮೊದಲ ಸಾಲಿನ ಮೇಲೆ ಕೆಂಪು ಗೀಟು ಎಳೆದು ಹಾಳೆಯನ್ನು ವಾಪಸು ಕೊಟ್ಟರು.

ಅವನಿಗೆ ಆ ಕೆಲಸ ಬೇಕೇ ಬೇಕಿತ್ತು. ಯಾಕೆಂದರೆ ಹನ್ನೊಂದು ವರ್ಷದ ಕೆಳಗೆ ಆ ಸೂರುಹಲಗೆಗಳಿಗೆ ಬಣ್ಣ ಹೊಡೆದವನು ಅವನೇ. ಆಗಲೂ ಮೊದಲ ಸಾಲನ್ನು ಮೇಷ್ಟ್ರು ಹೊಡೆದುಹಾಕಿದ್ದರು. ಆಗ ಅವನಿಗಿನ್ನೂ ದುಬಾರಿ ಎಂಬ ಹೆಸರು ಬಂದಿರಲಿಲ್ಲ; ಸಾಲು ಹೊಡೆದರೆ ತಲೆ ಕೆರೆದುಕೊಂಡು ಒಪ್ಪಿಕೊಳ್ಳುವ ಕಾಲ. ಏಣಿ ಇಡಲು ಗಟ್ಟಿ ನೆಲ ಇದ್ದದ್ದು ಬಲಗಡೆ ಮಾತ್ರ, ಸಿಮೆಂಟು ಹಾಕಿದ ಅಂಗಳದ ತುಂಡೊಂದು. ಉಳಿದ ಕಡೆ ಹೂವಿನ ಪಾತಿ, ಕಾಲಿಟ್ಟರೆ ಕುಸಿಯುವ ಮಣ್ಣು. ಗೋಡೆಗೆ ಒರಗಿಸೋಣ ಎಂದರೆ ನಡುವೆ ಮೇಲಂತಸ್ತಿನ ದೊಡ್ಡ ಗಾಜಿನ ಕಿಟಕಿ. ಹಾಗಾಗಿ ಏಣಿಯ ತುದಿಯನ್ನು ಸೂರುಹಲಗೆಗೇ ಒರಗಿಸಿದ್ದ, ಯಾವ ಹಲಗೆಗೆ ಬಣ್ಣ ಹೊಡೆಯಬೇಕೋ ಅದೇ ಹಲಗೆಗೆ. ಇಪ್ಪತ್ತಾರು ಅಡಿ ಮೇಲೆ, ಬಲಗಡೆಯ ಇಳಿಜಾರಿನಲ್ಲಿ ಎರಡು ಹಲಗೆ ಕೂಡುವ ಜಾಗದಲ್ಲಿ ಏಣಿ ಒಂದು ಗೇಣು ಜಾರಿತು. ಅವನು ಗಬಕ್ಕನೆ ಹಲಗೆ ಹಿಡಿದ. ಹಿಡಿದ ಬೆರಳುಗಳು ಹಲಗೆಯ ಒಳಗೆ ಹೋದವು. ನೀರಿನಲ್ಲಿ ನೆನೆದ ಬ್ರೆಡ್ಡಿಗೆ ಕೈ ಹಾಕಿದ ಹಾಗೆ. ಮರ ಒಳಗೆಲ್ಲ ಕೊಳೆತಿತ್ತು, ಹಳೆಯ ಬಣ್ಣದ ಪದರವೊಂದೇ ಅದನ್ನು ಹಲಗೆಯ ಆಕಾರದಲ್ಲಿ ಹಿಡಿದಿಟ್ಟಿತ್ತು. ಹೇಗೋ ಇನ್ನೊಂದು ಕೈಗೆ ಹೆಂಚಿನ ಕೆಳಗಿನ ತೊಲೆ ಸಿಕ್ಕಿತು. ಬದುಕಿದ.

ಇಳಿದು ಬಂದು ಮೇಷ್ಟ್ರಿಗೆ ಹೇಳಬೇಕಿತ್ತು. ಹೇಳಿದರೆ ಹಲಗೆ ಬದಲಿಸು ಎನ್ನುತ್ತಾರೆ. ಬದಲಿಸಲು ಮತ್ತೆ ಅದೇ ಏಣಿ. ಮಧ್ಯಾಹ್ನ ಆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಒಂದು ಉದ್ದ ಕೋಲಿನ ತುದಿಗೆ ಕರಣೆ ಕಟ್ಟಿ, ಆ ತೂತಿಗೆ ಡಬ್ಬಿಗಟ್ಟಲೆ ಪುಟ್ಟಿ ಮೆತ್ತಿದ. ಒಣಗಿದ ಮೇಲೆ ಕೋಲಿಗೆ ಕುಂಚ ಕಟ್ಟಿ ಎರಡು ಕೋಟು ಬಳಿದ. ಕೆಳಗಿನಿಂದ ನೋಡಿದರೆ ಹೊಚ್ಚ ಹೊಸ ಹಲಗೆ. “ಬಲಗಡೆಯದು ಚೆನ್ನಾಗಿ ಬಂದಿದೆ” ಎಂದು ಮೇಷ್ಟ್ರು ಮೆಚ್ಚಿ ದುಡ್ಡು ಕೊಟ್ಟರು. ಅವನು ಇಸಿದುಕೊಂಡ.

ಅಂದಿನಿಂದ ಅವನು ಸಾರುವೆ ಇಲ್ಲದೆ ಎತ್ತರದ ಕೆಲಸ ಮುಟ್ಟಿಲ್ಲ. ಜನ ಆಸೆಬುರುಕ ಎಂದರು, ಸೋಮಾರಿ ಎಂದರು, ವಯಸ್ಸಾಯಿತು, ಹೆದರಿಕೆ ಎಂದರು. ನಿಜವಾದ ಕಾರಣವನ್ನು ಮಾತ್ರ ಅವನು ಹೆಂಡತಿಗೂ ಹೇಳಿರಲಿಲ್ಲ. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ತಲೆಯೆತ್ತಿ ಬಲಗಡೆಯ ಹಲಗೆ ನೋಡುವುದು, ಇನ್ನೂ ನಿಂತಿದೆಯಲ್ಲ ಎಂದು ಮುಂದೆ ಹೋಗುವುದು. ಸಾರುವೆ ಕಟ್ಟಿಸಿ ಒಮ್ಮೆ ಮೇಲೆ ಹೋಗಿಬಿಟ್ಟರೆ ಪುಟ್ಟಿ ಕಿತ್ತು, ಹೊಸ ಹಲಗೆ ಕೂರಿಸಿ, ಯಾರಿಗೂ ತಿಳಿಯದಂತೆ ಸರಿಮಾಡಿಬಿಡಬಹುದು ಎಂಬ ಆಸೆಯಿಂದ ಗೋಗರೆದಿದ್ದ.

ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ಹೆಂಡತಿ ಖುಷಿಯಿಂದ ಹೇಳಿದಳು. “ರೀ, ಕೇಳಿದ್ರಾ? ಲೆಕ್ಕದ ಮೇಷ್ಟ್ರ ಮನೆ ಕೆಲಸ ನನ್ನ ತಮ್ಮನಿಗೆ ಸಿಕ್ತಂತೆ. ನಾಳೆ ಬೆಳಿಗ್ಗೆಯಿಂದಲೇ ಶುರು.”

ಅವನು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

ಅವಳ ತಮ್ಮನನ್ನು ಎಲ್ಲರೂ ಅಳಿಲು ಎನ್ನುತ್ತಿದ್ದರು. ಮೂವತ್ತನಾಲ್ಕು ವಯಸ್ಸು, ಇಬ್ಬರು ಮಕ್ಕಳ ತಂದೆ, ಆದರೂ ಹತ್ತುವುದು ಅಂದರೆ ಅಳಿಲೇ. ಕಸುಬು ಕಲಿತದ್ದು ಭಾವನ ಹತ್ತಿರ, ಆರು ವರ್ಷ. ಆಮೇಲೆ ತನ್ನದೇ ಏಣಿ, ತನ್ನದೇ ಕುಂಚ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಯಾರಿಗೂ ಇಲ್ಲ ಎನ್ನಲು ಬಾರದು, ಅದೊಂದೇ ಅವನ ರೋಗ. ಅದರಲ್ಲೂ ಮೇಷ್ಟ್ರಿಗೆ! ಅವರ ಕೈಯಲ್ಲಿ ಒಂಬತ್ತನೇ ತರಗತಿ ಓದಿದವನು. ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಗೋಡೆಗೆ ಒರಗಿಸಿದ ಏಣಿಯ ಚಿತ್ರ ಬರೆದು, ಗೋಡೆ ಇಷ್ಟು ಎತ್ತರ, ಏಣಿಯ ಬುಡ ಇಷ್ಟು ದೂರ, ಏಣಿಯ ಉದ್ದ ಎಷ್ಟು ಎಂದು ಕೇಳಿದ್ದರಂತೆ. ಅಳಿಲು ಎದ್ದು ನಿಂತು, “ಸಾರ್, ಏಣಿ ಹಿಡ್ಕೊಂಡಿರೋದು ಯಾರು?” ಎಂದು ಕೇಳಿದ್ದ. ಭಾವ ಕೆಲಸ ಮಾಡುವುದನ್ನು ನೋಡಿದವನು, ತಮಾಷೆಗೆ ಕೇಳಿದ್ದಲ್ಲ. ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು “ಹೊರಗೆ ಹೋಗು” ಎಂದಿದ್ದರು. ಇಪ್ಪತ್ತು ವರ್ಷ ಕಳೆದರೂ ಆ ಮೇಷ್ಟ್ರನ್ನು ಕಂಡರೆ ಅವನ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಅವರು ಸಾಲು ಹೊಡೆದುಹಾಕಿದರೆ ಇವನು ಬೇಡವೆನ್ನುತ್ತಾನೆಯೇ?

“ಸಾರುವೆ ಕಟ್ತಾನಂತಾ?” ಎಂದು ದುಬಾರಿ ಕೇಳಿದ.

“ಎಂಥಾ ಸಾರುವೆ? ಎರಡು ದಿನದ ಕೆಲಸ, ಏಣಿ ಸಾಕು ಅಂದ.”

ಅವನು ಕೈ ತೊಳೆದು ಫೋನು ತೆಗೆದ. ಹೇಳಬೇಕಾದದ್ದು ಒಂದೇ ಮಾತು: ಬಲಗಡೆ ಹಲಗೆ ಪುಟ್ಟಿಯದು. ಆ ಒಂದು ಮಾತು ಬಿಟ್ಟು ಬಾಯಿಗೆ ಬಂದದ್ದೆಲ್ಲ ಬೈಗುಳ. “ನಿನಗೆ ಬುದ್ಧಿ ಇದೆಯೇನೋ? ಆರು ವರ್ಷ ಕಲಿಸಿದ್ದು ಇದಕ್ಕಾ? ಬೇಡ ಅಂದ್ರೆ ಬೇಡ! ಆ ಮನೆ ಕಡೆ ತಲೆ ಹಾಕ್ಬೇಡ!”

“ಯಾಕೆ ಭಾವ? ಕಾರಣ ಹೇಳಿ.”

ಕಾರಣ! “ನಾನು ಹೇಳಿದ್ದೇ ಕಾರಣ” ಎಂದ ದುಬಾರಿ.

“ಮುಂಗಡ ತಗೊಂಡುಬಿಟ್ಟಿದ್ದೀನಿ ಭಾವ. ಮೇಷ್ಟ್ರಿಗೆ ಮಾತು ಕೊಟ್ಟಿದ್ದೀನಿ” ಎಂದು ಅಳಿಲು ಮೆತ್ತಗೆ ಹೇಳಿ ಫೋನಿಟ್ಟ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ನಿಮಗೆ ಸಿಗದೇ ಇದ್ದದ್ದು ಅವನಿಗೆ ಸಿಕ್ತು ಅಂತ ಹೊಟ್ಟೆಯುರಿ ಅಲ್ವಾ? ನಾಚಿಕೆ ಆಗಬೇಕು. ನಿಮ್ಮ ಕೈಯಲ್ಲೇ ಕಲಿತ ಹುಡುಗ ಮುಂದೆ ಬಂದರೆ ಖುಷಿ ಪಡೋದು ಬಿಟ್ಟು!”

ಹೊಟ್ಟೆಯುರಿಯೇ ಆಗಿದ್ದರೆ ಎಷ್ಟೋ ವಾಸಿಯಿತ್ತು. ಊರಿನ ಮೇಲೆ ಹನ್ನೊಂದು ವರ್ಷ ಉರಿದುಬಿದ್ದವನು, ನನ್ನ ಜೀವಕ್ಕೆ ಬೆಲೆ ಇಲ್ಲವೇ ಎಂದು ಮನೆ ಮನೆ ಮುಂದೆ ಕೂಗಾಡಿದವನು, ಇನ್ನೊಬ್ಬನ ಜೀವಕ್ಕೆ ತಾನೇ ಪುಟ್ಟಿ ಮೆತ್ತಿಟ್ಟು ಬಂದಿದ್ದ. ಆ ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಅಳಿಲು ಆಗಲೇ ಏಣಿ ಹತ್ತುತ್ತಿದ್ದ. ಸಿಮೆಂಟಿನ ಅದೇ ತುಂಡಿನ ಮೇಲೆ ಏಣಿಯ ಬುಡ, ಹಲಗೆಗಳು ಕೂಡುವ ಅದೇ ಜಾಗಕ್ಕೆ ಏಣಿಯ ತುದಿ. ಅವನು ಕಲಿತದ್ದೇ ಹಾಗೆ, ಗಟ್ಟಿ ನೆಲ ನೋಡಿ ಏಣಿ ಇಡು ಎಂದು ಹೇಳಿಕೊಟ್ಟವನು ದುಬಾರಿಯೇ. ಬುಡ ಹಿಡಿಯಲು ಒಬ್ಬರೂ ಇಲ್ಲ. ಮೇಷ್ಟ್ರು ವರಾಂಡದಲ್ಲಿ ಪೇಪರು ಓದುತ್ತ ಕೂತಿದ್ದರು, ಮಧ್ಯೆ ಮಧ್ಯೆ ತಲೆಯೆತ್ತಿ “ಹಾಂ, ಹಾಂ” ಎನ್ನುತ್ತಿದ್ದರು.

ದುಬಾರಿ ಓಡಿ ಹೋಗಿ ಏಣಿಯ ಬುಡವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. “ಇಳಿಯೋ ಕೆಳಗೆ!”

ಅಳಿಲು ಹದಿನೈದನೇ ಮೆಟ್ಟಿಲಲ್ಲಿದ್ದ, ಬಣ್ಣದ ಡಬ್ಬಿ ಮೊಣಕೈಯಲ್ಲಿ. ಬಗ್ಗಿ ನೋಡಿದ. “ಭಾವ, ಬಿಡಿ. ಅಕ್ಕ ಹೊಟ್ಟೆಯುರಿ ಅಂದಳು, ನಾನು ನಂಬಿರ್ಲಿಲ್ಲ. ಈಗ ಮೇಷ್ಟ್ರ ಮುಂದೆ ಇದೆಲ್ಲ ಬೇಕಾ?”

“ಇಳಿ ಅಂದ್ರೆ ಇಳಿ!”

“ಏನಯ್ಯ ಇದು ಗಲಾಟೆ?” ಮೇಷ್ಟ್ರು ಪೇಪರು ಮಡಚಿ ಎದ್ದು ಬಂದರು. “ನೀನು ಮಾಡಲ್ಲ, ಮಾಡೋರಿಗೂ ಬಿಡಲ್ಲ. ಅವನೇ ಒಪ್ಪಿಕೊಂಡು ಹತ್ತಿರೋವಾಗ ನಿನಗೇನು ಕಷ್ಟ?”

ಅಳಿಲು ಮೇಲಕ್ಕೆ ಇನ್ನೊಂದು ಮೆಟ್ಟಿಲು ಹತ್ತಿದ. ಏಣಿಯ ತುದಿ ಹಲಗೆಗೆ ಒತ್ತಿ ಸಣ್ಣಗೆ ಕರಕರ ಎಂದಿತು. ಮರಕ್ಕೆ ತಾಗಿದ ಸದ್ದು ಹಾಗಿರುವುದಿಲ್ಲ. ದುಬಾರಿಗೆ ಆ ಸದ್ದು ಅಂಗೈಯಲ್ಲಿ ಕೇಳಿಸಿತು. ಬಿಳಿ ಪುಡಿ ಒಂದು ಚಿಟಿಕೆ ಉದುರಿ ಅವನ ಮೀಸೆಯ ಮೇಲೆ ಬಿತ್ತು.

“ಅದು ಮರ ಅಲ್ಲ ಕಣೋ!” ಎಂದು ಅವನು ಕೂಗಿದ. “ಪುಟ್ಟಿ ಅದು! ನಾನೇ ಮೆತ್ತಿದ್ದು! ಹನ್ನೊಂದು ವರ್ಷದ ಹಿಂದೆ ಅಲ್ಲೇ ನನ್ನ ಕೈ ಒಳಗೆ ಹೋಗಿತ್ತು. ಹೇಳದೆ ಮುಚ್ಚಿಬಿಟ್ಟೆ. ಒಳಗೆ ಏನೂ ಇಲ್ಲ. ನಿನ್ನ ಏಣಿ ಬರೀ ಬಣ್ಣಕ್ಕೆ ಒರಗಿದೆ. ದಮ್ಮಯ್ಯ, ಇಳಿಯಪ್ಪ.”

ಅಳಿಲು ತಲೆಯೆತ್ತಿ ನೋಡಿದ. ಏಣಿಯ ತುದಿಯ ಪಕ್ಕದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲನ್ನು ಊರಿ, ಈಗಷ್ಟೆ ನಡೆಯಲು ಕಲಿತ ಮಗು ಮೆಟ್ಟಿಲಿಳಿಯುವ ಹಾಗೆ ಇಳಿದ. ನೆಲ ಮುಟ್ಟಿದ ಮೇಲೂ ಏಣಿ ಬಿಡಲಿಲ್ಲ. ಭಾವನೂ ಬಿಡಲಿಲ್ಲ. ಇಬ್ಬರೂ ಸೇರಿ ಆ ಏಣಿಯನ್ನು ಮೆಲ್ಲಗೆ ಕೆಳಗಿಳಿಸಿ ಅಂಗಳದಲ್ಲಿ ಮಲಗಿಸಿದರು.

ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. “ನೋಡೇಬಿಡೋಣ” ಎಂದರು. ಹಣ್ಣು ಕೀಳುವ ದೋಟಿ ತಂದುಕೊಟ್ಟರು. ದುಬಾರಿ ಮೇಲಂತಸ್ತಿನ ಕಿಟಕಿಗೆ ಹೋಗಿ, ದೋಟಿ ಚಾಚಿ, ಬಲಗಡೆಯ ಹಲಗೆಯನ್ನು ಎರಡು ಸಲ ತಿವಿದ. ಮೂರನೆಯ ಸಲ ತಿವಿಯಬೇಕಾಗಲಿಲ್ಲ. ಒಂದು ಮೊಳ ಉದ್ದದ ತುಂಡು, ಮೇಲೆ ಹೊಳೆಯುವ ಬಣ್ಣ, ಒಳಗೆ ಕಲ್ಲಿನಂಥ ಪುಟ್ಟಿ, ಅದರ ಹಿಂದೆ ಕಪ್ಪು ಪುಡಿ, ಕೆಳಗೆ ಸಿಮೆಂಟಿನ ಮೇಲೆ ಬಿದ್ದು ಒಡೆಯಿತು. ಅದರೊಳಗಿಂದ ಇರುವೆಗಳು ಎದ್ದು ಓಡಿದವು. ಏಣಿಯ ತುದಿ ಇದ್ದ ಜಾಗದಲ್ಲಿ ಈಗ ಆಕಾಶ ಕಾಣುತ್ತಿತ್ತು.

ಮೇಷ್ಟ್ರು ಆ ತುಂಡನ್ನು ನೋಡಿದರು, ಅಳಿಲಿನ ಮುಖ ನೋಡಲಿಲ್ಲ. “ಹನ್ನೊಂದು ವರ್ಷ ನನಗೆ ಮೋಸ!” ಎಂದು ಗುಡುಗಿದರು. “ದುಡ್ಡು ಎಣಿಸಿ ಕೊಟ್ಟಿದ್ದೀನಿ ನಾನು! ತಡಿ, ತೋರಿಸ್ತೀನಿ.” ಅವರು ಒಂದು ಚೀಟಿಯನ್ನೂ ಎಸೆದವರಲ್ಲ. ಒಳಗೆ ಹೋಗಿ ಒಂದು ಫೈಲು ತಂದು, ಹಳದಿಯಾದ ಹಾಳೆ ಬಿಡಿಸಿ, ಬೆರಳಿಟ್ಟು ಓದಿದರು. “ಸೂರುಹಲಗೆಗಳನ್ನು ಉಜ್ಜಿ, ಕೊಳೆತದ್ದನ್ನು ಬದಲಿಸಿ, ಎರಡು ಕೋಟು ಬಣ್ಣ. ಇದು ನಿನ್ನದೇ ಅಕ್ಷರ ತಾನೆ? ಕೊಳೆತದ್ದನ್ನು ಬದಲಿಸಿ! ಬದಲಿಸಿದೆಯಾ?”

“ಇಲ್ಲ ಮೇಷ್ಟ್ರೆ” ಎಂದ ದುಬಾರಿ. “ತಪ್ಪು ನನ್ನದು. ಹಲಗೆ ನನ್ನ ಲೆಕ್ಕ, ನಾನೇ ತಂದು ಹಾಕ್ತೀನಿ, ಕೂಲಿ ಬೇಡ. ಹತ್ತೋದು ಮಾತ್ರ ನಿಮ್ಮ ಲೆಕ್ಕ. ಸಾರುವೆ ಕಟ್ಟಿಸಿ.”

“ಮೋಸ ಮಾಡಿದವನು ನೀನು, ಸಾರುವೆ ನಾನು ಕಟ್ಟಿಸಬೇಕಾ? ನಿನ್ನ ಖರ್ಚಲ್ಲೇ ಕಟ್ಟು, ಇಲ್ಲಾಂದ್ರೆ ಊರಿಗೆಲ್ಲ ಹೇಳ್ತೀನಿ.”

ಅಳಿಲು ಅಷ್ಟು ಹೊತ್ತೂ ಕೈ ಕಟ್ಟಿಕೊಂಡೇ ನಿಂತಿದ್ದ. ಈಗ ಒಂದು ಹೆಜ್ಜೆ ಮುಂದೆ ಬಂದು ಫೈಲಿನೊಳಗೆ ಬಗ್ಗಿ ನೋಡಿದ. “ಮೇಷ್ಟ್ರೆ, ಮೊದಲನೇ ಸಾಲು ಓದಿ.”

“ಅದರಲ್ಲೇನಿದೆ?”

“ನೀವು ಓದಲ್ಲ ಅಂದ್ರೆ ನಾನೇ ಓದ್ತೀನಿ. ‘ಮೇಲಿನ ಖರ್ಚು.’ ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ನಿಮ್ಮ ಅಕ್ಷರ. ‘ಮೇಲ್ಖರ್ಚು ಎಂದಾಗಬೇಕು. ಅನಾವಶ್ಯಕ. ಏಣಿ ಇದೆ.’”

ಹನ್ನೊಂದು ವರ್ಷವಾದರೂ ಕೆಂಪು ಶಾಯಿ ಮಾಸಿರಲಿಲ್ಲ. ಕಾಗುಣಿತ ತಿದ್ದಿದ್ದರು ಪುಣ್ಯಾತ್ಮರು! ಸರಿಯಾದ ಮಾತನ್ನು ತಪ್ಪು ಮಾಡಿ ತಿದ್ದಿದ್ದರು.

“ಆಗ ಅದು ನನಗೆ ಅರ್ಥ ಆಗಿರ್ಲಿಲ್ಲ” ಎಂದರು ಮೇಷ್ಟ್ರು, ಫೈಲು ಮುಚ್ಚುತ್ತ.

“ಅರ್ಥ ಆಗದಿದ್ರೆ ಎದ್ದು ನಿಂತು ಕೇಳಿ ಅಂತ ನೀವೇ ಹೇಳ್ತಿದ್ರಿ. ನಾನು ಒಂದು ಸಲ ಕೇಳಿದ್ದೆ. ನೀವು ಇನ್ನೂ ಉತ್ತರ ಹೇಳಿಲ್ಲ.” ಅಳಿಲು ಕಟ್ಟಿಕೊಂಡಿದ್ದ ಕೈ ಬಿಡಿಸಿದ. “‘ಏಣಿ ಇದೆ’ ಅಂತ ಬರೆದಿದ್ದೀರಿ. ಏಣಿ ಹಿಡ್ಕೊಂಡಿರೋದು ಯಾರು ಮೇಷ್ಟ್ರೆ?”

ಮೇಷ್ಟ್ರ ಮುಖ ಕಪ್ಪಿಟ್ಟಿತು. ನೆನಪಾಗಿರಬೇಕು. ಗೇಟಿನ ಕಡೆ ಬೆರಳು ತೋರಿಸಿದರು.

“ಹೊರಗೆ ಹೋಗು” ಎಂದರು.

ಅಳಿಲು ಮುಂಗಡದ ದುಡ್ಡನ್ನು ವರಾಂಡದ ಕುರ್ಚಿಯ ಮೇಲಿಟ್ಟ. ಭಾವನೂ ಭಾವಮೈದುನನೂ ಏಣಿಯ ಒಂದೊಂದು ತುದಿ ಹೆಗಲ ಮೇಲಿಟ್ಟುಕೊಂಡು ಹೊರಗೆ ಬಂದರು. ದಾರಿಯಲ್ಲಿ ಅಳಿಲು ಕೇಳಿದ್ದು ಒಂದೇ. “ನಿನ್ನೆ ಫೋನಲ್ಲೇ ಹೇಳಬಾರದಿತ್ತಾ ಭಾವ?”

“ನಾಚಿಕೆ ಆಯ್ತು ಕಣೋ.”

“ಹದಿನಾರು ಮೆಟ್ಟಿಲು ಹತ್ತಿದ್ದೆ.”

ದುಬಾರಿ ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಮನೆಯಲ್ಲಿ ಹೆಂಡತಿ ತಮ್ಮನ ಬಾಯಿಂದ ಎಲ್ಲ ಕೇಳಿ ಒಂದು ದಿನವಿಡೀ ಅವನ ಜೊತೆ ಮಾತಾಡಲಿಲ್ಲ. ಮರುದಿನ ತಟ್ಟೆ ಕುಕ್ಕಿ, “ಅವತ್ತು ಹಲಗೆಯೊಳಗೆ ಕೈ ಹೋದದ್ದನ್ನ ನನಗಾದರೂ ಹೇಳಬಾರದಿತ್ತಾ? ಹನ್ನೊಂದು ವರ್ಷ ಯಾರ ಜೊತೆ ಸಂಸಾರ ಮಾಡಿದೆ ನಾನು?” ಎಂದು ಅತ್ತಳು.

ಇನ್ನು ಊರಿನ ಕತೆ. ಮೇಷ್ಟ್ರು ಹೇಳಿದಂತೆ ಡಂಗುರ ಹೊಡೆದರು. ಪುಟ್ಟಿಯ ತುಂಡನ್ನು ವರಾಂಡದಲ್ಲಿ ಸಾಕ್ಷಿಗೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು. ಕೆಂಪು ಗೀಟಿನ ಹಾಳೆ ಮಾತ್ರ ಫೈಲಿನಿಂದ ಹೊರಗೆ ಬರಲಿಲ್ಲ. ಮೋಸ ಮಾಡಿದ್ದು ನಿಜವೇ, ಅವನೇ ಒಪ್ಪಿಕೊಂಡಿದ್ದಾನೆ, ಇಲ್ಲವೆಂದವರು ಯಾರು? ಆದರೆ ಅರ್ಧ ಕತೆಯನ್ನು ಪೂರ್ತಿ ಕತೆ ಎಂದು ಹೇಳುತ್ತ ತಿರುಗುವುದಕ್ಕೆ ಏನೆನ್ನೋಣ? ಸತ್ಯ ಬಚ್ಚಿಟ್ಟಿದ್ದರೆ ಒಬ್ಬ ಮನುಷ್ಯ ಬೀಳುತ್ತಿದ್ದ. ಅದನ್ನು ಹೇಳಿದವನೇ ಊರಿಗೆ ಕಳ್ಳನಾದ. ಸಾಲು ಹೊಡೆದು ಹೊಡೆದು ಇಂಥ ಪುಟ್ಟಿಯನ್ನು ಎಷ್ಟು ಮನೆಯವರು ಮೆತ್ತಿಸಿಕೊಂಡಿದ್ದಾರೋ, ಅವರೆಲ್ಲ ಮರ್ಯಾದಸ್ಥರಾಗಿಯೇ ಉಳಿದರು.

ಹೆಸರೂ ಬದಲಾಯಿತು. ಈಗ ಅವನನ್ನು ‘ಪುಟ್ಟಿ’ ಎನ್ನತೊಡಗಿದರು. ಐವತ್ತಾರು ವರ್ಷದ, ಪೊದೆ ಮೀಸೆಯ ಗಂಡಸು ರಸ್ತೆಯಲ್ಲಿ ಹೋದರೆ “ಪುಟ್ಟಿ ಬಂತು ನೋಡ್ರೋ” ಎಂದು ಕಿಸಕ್ಕನೆ ನಗುವುದು. ಎತ್ತರದ ಕೆಲಸಕ್ಕೆ ಅವನನ್ನು ಕರೆಯುವವರು ಇಲ್ಲವಾದರು. ಒಳಗಿನ ಕೋಣೆ, ಕಾಂಪೌಂಡಿನ ಗೇಟು, ಇಂಥವು ಸಿಗುತ್ತವೆ. ಮೇಷ್ಟ್ರಿಗೆಂದು ಅವನು ಕೊಂಡು ತಂದ ಹಲಗೆ ಉಜ್ಜಿ, ಎರಡು ಕೋಟು ಬಣ್ಣ ಬಳಿಸಿಕೊಂಡು, ಇವತ್ತಿಗೂ ಅವನ ಮನೆಯ ಹಿತ್ತಿಲ ಗೋಡೆಗೆ ಒರಗಿದೆ. ಸಾರುವೆ ಕಟ್ಟಿದ ದಿನ ಹೇಳಿಕಳಿಸಿ ಎಂದು ಎರಡು ಸಲ ಹೋಗಿ ಹೇಳಿ ಬಂದಿದ್ದಾನೆ. ಮೇಷ್ಟ್ರು ಬೇರೆ ಇಬ್ಬರು ಪೇಂಟರುಗಳನ್ನು ಕರೆಸಿದರು. ಇಬ್ಬರೂ ಮೊದಲು ಹೋಗಿ ಕೇಳಿದ್ದು ಅಳಿಲನ್ನು. ಆಮೇಲೆ ಮೇಷ್ಟ್ರ ಗೇಟಿನ ತನಕ ಬಂದು, ಮೇಲಿನ ತೂತನ್ನು ನೋಡಿ, ಸಾರುವೆ ಎಲ್ಲಿ ಎಂದು ಕೇಳಿ, ವಾಪಸು ಹೋದರು.

ಮೊನ್ನೆ ಅವನು ಹಾರ್ಡ್‌ವೇರ್ ಅಂಗಡಿಯ ಮುಂದೆ ಮರ ಉಜ್ಜುವ ಉಪ್ಪುಕಾಗದ ಕೊಳ್ಳುತ್ತ ನಿಂತಿದ್ದ. ರಸ್ತೆಯ ಆಚೆಯಿಂದ ಯಾರೋ ಜೋರಾಗಿ ಕೂಗಿದರು.

“ಏ ದುಬಾರಿ! ಬಾರಯ್ಯ ಇಲ್ಲಿ! ಏನಿದು ನಿನ್ನ ಎಸ್ಟಿಮೇಟು? ಮೊದಲನೇ ಸಾಲೇ ಇಷ್ಟಾ? ಈ ಮೇಲ್ಖರ್ಚು ಹೊಡೆದುಹಾಕು!”

ಹನ್ನೊಂದು ವರ್ಷದ ಅಭ್ಯಾಸ, ಅವನು ತಟ್ಟನೆ ತಿರುಗಿದ. ಎದುರು ಮನೆಯ ಗೇಟಿನಲ್ಲಿ ಮನೆಯ ಯಜಮಾನ ಹಾಳೆ ಹಿಡಿದು ನಿಂತಿದ್ದ. ಅವನು ಕರೆದದ್ದು ಇವನನ್ನಲ್ಲ. ಅಂಗಳದಲ್ಲಿ ತಲೆಯೆತ್ತಿ ಸೂರುಹಲಗೆ ಅಳೆಯುತ್ತಿದ್ದ ಅಳಿಲು, “ಬಂದೆ ಸಾರ್” ಎಂದು ಗೇಟಿನತ್ತ ನಡೆದ.

“ಅದು ಮೇಲ್ಖರ್ಚಲ್ಲ ಸಾರ್” ಎನ್ನುತ್ತಿದ್ದ ಅವನು, “ಮೇಲಿನ ಖರ್ಚು. ಅದನ್ನ ಹೊಡೆದ್ರೆ ನಾನು ಬರಲ್ಲ.”